ಯೂಜೀನ್ ಒಳ್ಳೆಯ ಅಪ್ಪನಾ?

ನಮ್ಮ ಮನೆಯಲ್ಲಿ ಭೀಷ್ಮ, ಕರ್ಣರ ಮೇಲೆ ವಾದ ನಡೆಯುವುದು ಹೊಸತಲ್ಲ. ನಮ್ಮ ಸೋದರಮಾವ ತಾಳಮದ್ದಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು. ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಇಡೀ ದಿನ ಗಲ್ಲೆಯಲ್ಲಿ ಕೂತು, ರಾತ್ರಿ ಕೂಟ ಎಲ್ಲಿದ್ದರೂ ಲೋಕಲ್ ಹಿಡಿದು ಹೋಗುತ್ತಿದ್ದವರು. ಆದರೆ ಆ ಭಾನುವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ವಾದ ಎದ್ದದ್ದು ಒಬ್ಬ ಮಂತ್ರವಾದಿ ಅಪ್ಪನ ಮೇಲೆ. ಅದೂ ಕಡ್ಡಿ ಕೈಕಾಲಿನ ಗೊಂಬೆಗಳಿರುವ ಕಾಮಿಕ್ ಒಂದರ ಅಪ್ಪ.

ಕಾಮಿಕ್‌ನ ಹೆಸರು 'ದಿ ಆರ್ಡರ್ ಆಫ್ ದ ಸ್ಟಿಕ್'. ಬರೆದು ಚಿತ್ರಿಸುವವರು ರಿಚ್ ಬರ್ಲ್ಯೂ. 2003ರಲ್ಲಿ ಇಂಟರ್ನೆಟ್ಟಿನಲ್ಲಿ ಶುರುವಾಯಿತು. 2012ರಲ್ಲಿ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು ಓದುಗರೇ 12 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಚಿತ್ರ ನೋಡಿ ಮಕ್ಕಳ ಪುಸ್ತಕ ಅಂತ ಬದಿಗಿಡುವವರಿಗೆ ಈ ಕತೆಯ ಆಳ ಗೊತ್ತಾಗುವುದೇ ಇಲ್ಲ. ನನಗೆ ಅದು ಬೇಜಾರು.

ಅಕ್ಕನ ಮಗಳು ಮತ್ತು ಅವಳ ಕಾಲೇಜಿನ ಗೆಳೆಯ ಇಬ್ಬರೂ ಇದರ ಹುಚ್ಚರು. ಹುಡುಗನೂ ನಮ್ಮ ಕಡೆಯವನೇ, ಮುಲುಂಡಿನಲ್ಲಿ ಬೆಳೆದವನು. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಟ್ರೇನ್ ಬಂದ್. ಹೊರಗೆ ಮಳೆ. ಊಟ ಮುಗಿದರೂ ಯಾರೂ ಏಳಲಿಲ್ಲ. ಪತ್ರೊಡೆಗೆ ಎರಡನೇ ಸಲ ಒಗ್ಗರಣೆ ಹಾಕಿ ತರುವಷ್ಟರಲ್ಲಿ ಇಬ್ಬರ ದನಿಯೂ ಏರಿತ್ತು.

"ಮಗುವನ್ನು ಕೊಂದವನು ಅವನು," ಎಂದಳು ಇವಳು.

"ಕೊಂದದ್ದಲ್ಲ, ಆಕ್ಸಿಡೆಂಟ್," ಎಂದ ಅವನು.

ಮಾವ ಕನ್ನಡಕ ಹಣೆಗೇರಿಸಿ ಟ್ಯಾಬ್ ಎಳೆದುಕೊಂಡರು. "ಯಾರು ಯಾರನ್ನು ಕೊಂದದ್ದು ಮಾರಾಯ? ಮೊದಲು ಕತೆ ಹೇಳಿ."

ಕತೆ ಹೀಗೆ. ಯೂಜೀನ್ ಮಂತ್ರವಾದಿ. ಅವನ ಗುರುವನ್ನು ಝೈಕಾನ್ ಎಂಬ ದುಷ್ಟ ಕೊಲ್ಲುತ್ತಾನೆ. ಸೇಡು ತೀರಿಸುತ್ತೇನೆ ಎಂದು ಯೂಜೀನ್ ರಕ್ತದ ಆಣೆ ಇಡುತ್ತಾನೆ. ಅದು ತೀರದಿದ್ದರೆ ಮಕ್ಕಳ ತಲೆಗೂ ಬರುವ ಆಣೆ. ಸ್ವಲ್ಪ ಕಾಲ ಹುಡುಕಿ ಕೈಬಿಡುತ್ತಾನೆ. ಮದುವೆ, ಮಕ್ಕಳು, ಮಂತ್ರದ ಪ್ರಯೋಗಗಳು. ಅಂಥದ್ದೊಂದು ಪ್ರಯೋಗ ಕೈಮೀರಿ ಕಿರಿಮಗ ಎರಿಕ್ ಸಾಯುತ್ತಾನೆ, ಇನ್ನೂ ಚಿಕ್ಕ ಮಗು. ದೊಡ್ಡ ಮಗ ರಾಯ್ ಅಜ್ಜನ ಹಾಗೆ ಕತ್ತಿ ಹಿಡಿಯುತ್ತಾನೆ. ಕತ್ತಿ ಹಿಡಿದವರೆಂದರೆ ಅಪ್ಪನಿಗೆ ತಾತ್ಸಾರ. ಮಗನ ಬಗ್ಗೆ ಒಂದು ಒಳ್ಳೆ ಮಾತು ಆ ಬಾಯಲ್ಲಿ ಬರುವುದು ಕಷ್ಟ. ಸತ್ತ ಮೇಲೆ ಯೂಜೀನ್‌ಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ. ಆಣೆ ತೀರಬೇಕು. ಹಾಗಾಗಿ ಹೊರಗೆ ಮೋಡದ ಮೇಲೆ ಕಾಯುತ್ತಾ, ಆಗಾಗ ಭೂತವಾಗಿ ಬಂದು ಮಗನ ತಲೆ ತಿನ್ನುತ್ತಾನೆ.

"ಶಂತನುವಿಗಿಂತ ಇದು ಉಲ್ಟಾ ಆಯಿತು," ಎಂದರು ಮಾವ. "ಅಲ್ಲಿ ಅಪ್ಪನ ಆಸೆಗೆ ಮಗ ಪ್ರತಿಜ್ಞೆ ಮಾಡಿದ. ಇಲ್ಲಿ ಅಪ್ಪನ ಪ್ರತಿಜ್ಞೆಗೆ ಮಗ ಸಾಯಬೇಕು. ಆಯ್ತು, ನಾನು ಯೂಜೀನ್."

ತಾಳಮದ್ದಳೆ ಗೊತ್ತಿದ್ದವರಿಗೆ ಇದರ ಅರ್ಥ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಆಮೇಲೆ ಬರೀ ಮಾತು. ಪಾತ್ರ ವಹಿಸಿಕೊಂಡ ಮೇಲೆ ಆ ಪಾತ್ರದ ಪಕ್ಷ ಬಿಡುವ ಹಾಗಿಲ್ಲ. ದುರ್ಯೋಧನನಾದರೆ ದುರ್ಯೋಧನನ ನ್ಯಾಯವನ್ನೇ ಹೇಳಬೇಕು.

"ಮಗು ಸತ್ತ ಮನೆಯಲ್ಲಿ ಅಪ್ಪ ಹೇಗೆ ಬದುಕಿದ ಅಂತ ಯಾರಾದರೂ ಕೇಳಿದಿರಾ?" ಮಾವ ಶುರು ಮಾಡಿದರು. "ದೊಡ್ಡವನೂ ಕತ್ತಿ ಹಿಡಿದು ಸಾಯಲು ಹೊರಟರೆ ಸಿಟ್ಟು ಬರುವುದಿಲ್ಲವಾ? ನನ್ನ ಬೈಗುಳವೇ ನನ್ನ ಹೆದರಿಕೆ!"

ಹುಡುಗ ಚಪ್ಪಾಳೆ ತಟ್ಟಿದ. ಹುಡುಗಿ ಬಿಡಲಿಲ್ಲ. "ಅಜ್ಜ, ಹೆದರಿಕೆ ಇದ್ದವನು ಅದೇ ಮಗನನ್ನು ಝೈಕಾನ್ ಎದುರಿಗೆ ಯಾಕೆ ದೂಡಿದ?" ಮಾವ ಒಂದು ಕ್ಷಣ ತಡೆದು, "ಆಣೆ ಕುಲದ್ದು, ನನ್ನೊಬ್ಬನದ್ದಲ್ಲ," ಎಂದರು. ಜಾರಿಕೊಂಡರು ಅನ್ನಿಸಿತು. ಆದರೆ ಯೂಜೀನ್ ಇದ್ದಿದ್ದರೂ ಹಾಗೇ ಜಾರಿಕೊಳ್ಳುತ್ತಿದ್ದ.

ಹುಡುಗ ಟಾರ್ಕ್ವಿನ್‌ನನ್ನು ಎಳೆದು ತಂದ. ಅದೇ ಕಾಮಿಕ್‌ನ ಇನ್ನೊಬ್ಬ ಅಪ್ಪ, ರಾಯ್‌ನ ಗೆಳೆಯ ಈಲನ್‌ನ ತಂದೆ. ಮಾತಿನಲ್ಲಿ ಜೇನು. ಮಗನ ಮೇಲಿನ ಪ್ರೀತಿ ತೋರಿಸಲು ಗುಲಾಮರನ್ನು ಜೀವಂತ ಸುಟ್ಟು, ಆ ಬೆಂಕಿಯಲ್ಲೇ ಮಗನ ಹೆಸರು ಬರೆಸುತ್ತಾನೆ. ಇನ್ನೊಬ್ಬ ಮಗ ನೇಲ್‌ನನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಇವನ ಮುಂದೆ ಯೂಜೀನ್ ದೇವರು ಅನ್ನುವುದು ಹುಡುಗನ ವಾದ.

ಈ ವಾದ ನನಗೆ ಸುತರಾಂ ಹಿಡಿಸುವುದಿಲ್ಲ. ಪಕ್ಕದಲ್ಲಿ ರಾಕ್ಷಸನನ್ನು ನಿಲ್ಲಿಸಿದರೆ ಯಾವ ಅಪ್ಪನೂ ಒಳ್ಳೆಯವನಾಗಿ ಕಾಣುತ್ತಾನೆ. ಟಾರ್ಕ್ವಿನ್ ಕೆಟ್ಟವನು, ಕತೆಯೂ ಅದನ್ನು ಮುಚ್ಚಿಡುವುದಿಲ್ಲ. ಯೂಜೀನ್ ಇರುವುದು ಒಳ್ಳೆಯವರ ಸಾಲಿನಲ್ಲಿ. ಹಾಗಾಗಿಯೇ ಅವನನ್ನು ಗಟ್ಟಿಯಾಗಿ ಪ್ರಶ್ನಿಸಬೇಕು.

ಅಲ್ಲಿಯವರೆಗೆ ಸುಮ್ನೆ ಕೇಳುತ್ತಿದ್ದ ನಾನು ಆ ದೃಶ್ಯ ತೆರೆಸಿದೆ. ರಾಯ್ ಝೈಕಾನ್ ಜೊತೆ ಹೋರಾಡುತ್ತಾ ಆಕಾಶದಿಂದ ಬಿದ್ದು ಸತ್ತಿದ್ದಾನೆ. ಸ್ವರ್ಗದ ಬಾಗಿಲಲ್ಲಿ ದೇವದೂತೆ ಅವನ ಲೆಕ್ಕ ತೆಗೆಯುತ್ತಿದ್ದಾಳೆ. ತಪ್ಪುಗಳಿವೆ. ಗೆಳೆಯ ಈಲನ್‌ನನ್ನು ಡಕಾಯಿತರ ಕೈಯಲ್ಲಿ ಬಿಟ್ಟು ಹೋಗಿದ್ದ, ಆಮೇಲೆ ವಾಪಸ್ ಹೋಗಿ ಬಿಡಿಸಿದ್ದ. ಅವಳು ನೋಡುವುದು ತಪ್ಪೇ ಇಲ್ಲದ ಬದುಕನ್ನಲ್ಲ, ಬಿಡದೆ ಮಾಡಿದ ಪ್ರಯತ್ನವನ್ನು. ಆಣೆ ತೀರಿಲ್ಲ, ಆದರೆ ತೀರಿಸಲು ಹೋಗಿಯೇ ಸತ್ತ ಅಂತ ರಾಯ್‌ನನ್ನು ಒಳಗೆ ಬಿಡುತ್ತಾರೆ. ಆಣೆ ಇಟ್ಟ ಅಪ್ಪ ಹೊರಗೆ ನಿಂತು ರೇಗಾಡುತ್ತಾನೆ.

ಒಳಗೆ ಎರಿಕ್ ಇದ್ದಾನೆ. ಇನ್ನೂ ಮಗುವೇ. ರಾಯ್ ಅವನ ಜೊತೆ ಆಡುತ್ತಾನೆ.

"ಮಾವ, ಮಗನಿಗೆ ಹಿಡಿದ ತಕ್ಕಡಿಯನ್ನೇ ಅಪ್ಪನಿಗೂ ಹಿಡಿಯಿರಿ," ಎಂದೆ. ಪ್ರಯೋಗ ಕೈಮೀರಿದ್ದಕ್ಕೆ ನಾನು ಯೂಜೀನ್‌ನನ್ನು ದೂರುವುದಿಲ್ಲ. ಆಣೆ ಕೈಬಿಟ್ಟದ್ದೂ ದೊಡ್ಡದಲ್ಲ, ಹೆಂಡತಿ ಮಕ್ಕಳು ಬಂದ ಮೇಲೆ ಸೇಡು ಮರೆಯುವುದು ಒಳ್ಳೆಯದೇ. ಆದರೆ ಎದುರಿಗೆ ಬದುಕಿದ್ದ ಮಗನಿಗೆ ಅಪ್ಪನಾಗುವ ಪ್ರಯತ್ನವನ್ನೂ ಕೈಬಿಟ್ಟನಲ್ಲ? ಸತ್ತ ಮೇಲೆ ಸಮಯ ಬೇಕಾದಷ್ಟಿತ್ತು. ಮಗ ಕಣ್ಣೆದುರು ಸತ್ತು ಬಂದಾಗಲೂ ಅವನ ಚಿಂತೆ ತನ್ನ ಬಾಗಿಲಿನದ್ದೇ.

ಮಾವ ವೀಳ್ಯದ ಡಬ್ಬಿ ತೆಗೆದು ಬಹಳ ಹೊತ್ತು ಸುಣ್ಣ ಹಚ್ಚಿದರು. ಕೂಟದಲ್ಲಿ ಒಳ್ಳೆಯ ಎದುರುಮಾತು ಬಂದಾಗಲೂ ಅವರು ಹೀಗೇ.

"ಇದಕ್ಕೆ ನನ್ನ ಹತ್ತಿರ ಅರ್ಥ ಇದೆ," ಎಂದರು ಕೊನೆಗೆ. "ಎರಿಕ್‌ನ ಮುಖ ನೋಡುವ ಧೈರ್ಯ ಇಲ್ಲದವನು ರಾಯ್‌ನ ಮುಖ ಹೇಗೆ ನೋಡಿಯಾನು?"

ಹುಡುಗಿ ಇದನ್ನು ಒಪ್ಪಲಿಲ್ಲ. ನನಗೆ ಅರ್ಧ ಒಪ್ಪಿಗೆಯಾಯಿತು, ಆದರೆ ಆ ಅರ್ಥ ಪೂರ್ತಿ ಮಾವನದ್ದು. ಕಾಮಿಕ್‌ನ ಯೂಜೀನ್ ಅಷ್ಟು ಮಾತನ್ನೂ ಮಗನ ಎದುರು ಆಡಿದವನಲ್ಲ. ಬಾಗಿಲು ತೆರೆಯುವ ಅಧಿಕಾರ ನನಗಿದ್ದರೆ ಅವನನ್ನು ಇನ್ನೂ ಮೋಡದ ಮೇಲೇ ಕೂರಿಸುತ್ತಿದ್ದೆ. ಮಾವ ಟ್ರೇನ್ ಶುರುವಾದ ಮೇಲೂ ಒಪ್ಪದೆ ಹೋದರು. ಮುಂದಿನ ಸಲ ಟಾರ್ಕ್ವಿನ್‌ನ ಪಾತ್ರ ಹಿಡಿಯುತ್ತಾರಂತೆ. ನಾನು ಈಲನ್.