ಮಂಡಿ ಒಪ್ಪಿದಷ್ಟು ಉಡುಪಿ

ಶಿವಮೊಗ್ಗದಿಂದ ಉಡುಪಿಗೆ ಹೋಗುವವರು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯಬೇಕು. ಹುಡುಗರಾಗಿದ್ದಾಗ ಕಿಟಕಿಗೆ ಮೂಗು ಒತ್ತಿ ಇವನ್ನು ಎಣಿಸುತ್ತಿದ್ದೆವು. ಈ ಸಲವೂ ಎಣಿಸಿದೆ, ಕಾರಣ ಮಾತ್ರ ಬೇರೆ. ತೀರ್ಥಹಳ್ಳಿಯಲ್ಲಿ ಆಸೆಪಟ್ಟು ಕುಡಿದ ಕಾಫಿ ಮೂರನೇ ತಿರುವಿನಲ್ಲೇ ತಗಾದೆ ತೆಗೆದಿತ್ತು. ಈ ಘಾಟಿಯಲ್ಲಿ ಓಡುವುದು ಮಿನಿಬಸ್ಸು. ನಿಲ್ಲಿಸೋಣ ಎಂದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅರವತ್ತು ದಾಟಿದ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರನಾಳವನ್ನು ಒತ್ತುತ್ತದಂತೆ. ಹಾಗಾದರೆ ಬಸ್ಸಿನಲ್ಲಿದ್ದ ಇನ್ನೊಬ್ಬ ಹಿರಿಯರೂ ಎಣಿಸುತ್ತಿರಬೇಕು ಎಂದುಕೊಂಡು ಅವರತ್ತ ನೋಡಿದೆ. ಅವರು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

"ಕಾಡು ನೋಡ್ರೀ, ಎಷ್ಟು ಚೆನ್ನಾಗಿದೆ" ಎಂದಳು ಹೆಂಡತಿ. ನಾನು ನೋಡುತ್ತಿದ್ದದ್ದು ಘಾಟಿ ಮುಗಿದು ಸಿಗುವ ಸೋಮೇಶ್ವರದ ಬೋರ್ಡಿಗಾಗಿ.

ಉಡುಪಿಯಲ್ಲಿ ನಮ್ಮ ಬಿಡಾರ ಭಾವನ ಮನೆಯಲ್ಲಿ. ಭಾವ ಎಂದರೆ ಹೆಂಡತಿಯ ಅಣ್ಣ. ಅವರಿಗೆ 72, ನನಗಿಂತ ಆರು ವರ್ಷಕ್ಕೆ ದೊಡ್ಡವರು. ಆದರೆ ತಲೆಕೂದಲು ಮಾತ್ರ ಕಾಲೇಜು ಹುಡುಗರದ್ದು, ಕಡುಕಪ್ಪು. ಪ್ರತಿ ಎರಡನೇ ಭಾನುವಾರ ಬಾಗಿಲು ಹಾಕಿಕೊಂಡು ಮಾಡುವ ಆ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ.

ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಬನ್ನಿ. ಎಂತ ಭಾವ, ಮಂಡಿ ಹೇಗುಂಟು?"

"ಎಡದ್ದು ಪರವಾಗಿಲ್ಲ. ನಿಮ್ಮ ಸೊಂಟ?"

"ಉಂಟು ಮಾರಾಯ್ರೆ, ಅಲ್ಲೇ ಉಂಟು."

ಮೊದಲೆಲ್ಲ "ಚೆನ್ನಾಗಿದ್ದೀರಾ" ಎಂದರೆ ಮುಗಿಯುತ್ತಿತ್ತು. ಈಗ ನಮ್ಮ ಕುಶಲೋಪರಿ ಬಿಡಿಭಾಗಗಳ ಲೆಕ್ಕದಲ್ಲಿ ನಡೆಯುತ್ತದೆ. ಅತ್ತಿಗೆ ಕಾಫಿ ತರುವಷ್ಟರಲ್ಲಿ ಭುಜ, ಕುತ್ತಿಗೆ, ಹಲ್ಲು ಮುಗಿಸಿ ನಿದ್ದೆಗೆ ಬಂದಿದ್ದೆವು.

ಮರುದಿನ ಕೃಷ್ಣಮಠ. ಗಂಡಸರು ಅಂಗಿ, ಬನಿಯನ್ನು ತೆಗೆದು ಒಳಗೆ ಹೋಗಬೇಕು. ಭಕ್ತಿಯ ವಿಷಯ ಹಾಗಿರಲಿ, ಅಂಗಿ ತೆಗೆದ ಮೇಲೆ ಯಾರ ಗುಟ್ಟೂ ಉಳಿಯುವುದಿಲ್ಲ. ನನ್ನ ಮುಂದಿದ್ದವರ ಬೆನ್ನಿನ ಮೇಲೆ ನೋವಿನ ಪ್ಲಾಸ್ಟರು, ಬೆವರಿಗೆ ಒಂದು ಮೂಲೆ ಎದ್ದು ಪಟಪಟ ಅನ್ನುತ್ತಿತ್ತು. ಪಕ್ಕದವರ ಎದೆಯ ನಡುವೆ ಬೈಪಾಸಿನ ಉದ್ದ ಗೆರೆ. ಅವರು ನನ್ನ ಹೊಟ್ಟೆಯ ಮೇಲಿದ್ದ ಹರ್ನಿಯಾ ಆಪರೇಷನ್ನಿನ ಗುರುತನ್ನು ನೋಡಿ, "ಒಳಗೆ ಬಲೆ ಹಾಕಿದ್ದಾರಾ?" ಎಂದು ಕೇಳಿದರು. "ಹಾಕಿದ್ದಾರೆ" ಎಂದೆ. ಅಷ್ಟಕ್ಕೇ ನಾವಿಬ್ಬರೂ ಹಳೇ ಪರಿಚಯದವರಂತಾದೆವು. ಸಾಲು ಮುಂದೆ ಹೋಗುವಷ್ಟರಲ್ಲಿ ಅವರ ಮೂರು ಸ್ಟೆಂಟು, ಮಗಳ ಮದುವೆ, ಎರಡೂ ನನಗೆ ತಿಳಿದಿದ್ದವು. ಸ್ನೇಹ ಬೆಳೆಸಲು ಇಷ್ಟು ಅನುಕೂಲದ ಜಾಗ ನಾನು ಬೇರೆ ಕಂಡಿಲ್ಲ.

ಇಲ್ಲಿ ದೇವರನ್ನು ನೋಡುವುದು ಒಂಬತ್ತು ತೂತುಗಳ ಬೆಳ್ಳಿಯ ನವಗ್ರಹ ಕಿಂಡಿಯಿಂದ. ನನ್ನದು ಹೊಸ ಪ್ರೋಗ್ರೆಸಿವ್ ಕನ್ನಡಕ. ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಹತ್ತಿರಕ್ಕೆ, ನಡುವಿನದ್ದು ನಡುವಿಗೆ. ಕಿಂಡಿ ಹತ್ತಿರ, ಕೃಷ್ಣ ದೂರ. ಗಲ್ಲ ಎತ್ತಿದರೆ ಬೆಳ್ಳಿಯ ಕೆತ್ತನೆ ಸ್ಪಷ್ಟ, ಕೃಷ್ಣ ಮಸುಕು. ಗಲ್ಲ ಇಳಿಸಿದರೆ ಕನ್ನಡಕದ ಚೌಕಟ್ಟು ತೂತಿಗೆ ಅಡ್ಡ. ಒಂದು ತೂತಿನಿಂದ ಇನ್ನೊಂದಕ್ಕೆ ಹಾರಿದೆ. ಹಿಂದಿನಿಂದ "ಮುಂದೆ ಹೋಗಿ, ಮುಂದೆ ಹೋಗಿ" ಎಂಬ ಒತ್ತಡ. ಕೊನೆಗೆ ಕನ್ನಡಕವನ್ನೇ ಕಿತ್ತು ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದೆ. ಕಡೆಗೋಲು ಹಿಡಿದು ನಿಂತ ಬಾಲಕ ಒಂದು ಕ್ಷಣ ಕಂಡ.

ಹೊರಗೆ ಬಂದ ಮೇಲೆ ಭಾವನದ್ದು ಒಂದೇ ಬಡಾಯಿ. "ನನಗೆ ಆಭರಣದ ಕಲ್ಲೂ ಕಂಡಿತು ಮಾರಾಯ್ರೆ. ಆಪರೇಷನ್ ಮಾಡಿ ಲೆನ್ಸ್ ಹಾಕಿದ್ದಲ್ವಾ!" ಕ್ಯಾಟರಾಕ್ಟ್ ಬಂದಿಲ್ಲ ಎಂದು ಬೇಸರಪಟ್ಟ ಮೊದಲ ಮನುಷ್ಯ ನಾನೇ ಇರಬೇಕು.

ಊಟಕ್ಕೆ ನೆಲದ ಪಂಕ್ತಿ. ಕೂರುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಭೂಮಿಯೇ ಎಳೆದುಕೊಳ್ಳುತ್ತದೆ. ಏಳುವುದಕ್ಕೆ ಯೋಜನೆ ಬೇಕು. ಮೊದಲು ಕಾಲು ಒಂದು ಬದಿಗೆ ಚಾಚಿ ಅದಕ್ಕೆ ಜೀವ ಬರಿಸಬೇಕು. ಆಮೇಲೆ ಎಡಗೈ ನೆಲಕ್ಕೆ ಊರಬೇಕು, ಬಲಗೈ ಎಂಜಲು. ಬಳಿಕ ಅಂಬೆಗಾಲಿನ ಭಂಗಿ, ಆಮೇಲೆ ಒಳ್ಳೆಯ ಮಂಡಿಯನ್ನು ಮುಂದಿಟ್ಟು ಒಂದು "ಹಾಂ". ಭಾವ ಉಪಕಾರ ಮಾಡಲು ನನ್ನ ಎಡಗೈ ಹಿಡಿದರು. ಅವರಿನ್ನೂ ಎದ್ದೇ ಇರಲಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ನಾನು ಅವರನ್ನು ಹಿಡಿದು ಏಳಲು, ಅವರು ನನ್ನನ್ನು ಹಿಡಿದು ಏಳಲು ನೋಡಿ, ಇಬ್ಬರೂ ಸ್ವಲ್ಪ ಹೊತ್ತು ಹಗ್ಗಜಗ್ಗಾಟ ಆಡಿ, ನಗು ಬಂದು ಮತ್ತೆ ಕೂತೆವು. ಬಡಿಸುವ ಹುಡುಗ ಇನ್ನೂ ಸಾರು ಬೇಕೇನೋ ಎಂದು ಹಾಕಲು ಬಂದುಬಿಟ್ಟ.

ಮಧ್ವ ಸರೋವರದ ಬಳಿ ಕೂತು ದಣಿವಾರಿಸಿಕೊಳ್ಳುವಾಗ ಭಾವ ಲೆಕ್ಕ ಹಾಕತೊಡಗಿದರು. ಕೃಷ್ಣನ ಪೂಜೆ ಎಂಟು ಮಠಗಳ ನಡುವೆ ಸರದಿಯಲ್ಲಿ ಸಾಗುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಸೋದೆ ಮಠದ ಯತಿ ವಾದಿರಾಜರು ಎರಡು ವರ್ಷಕ್ಕೆ ಮಾಡಿದರು. ಅಂದರೆ ಒಂದು ಸುತ್ತು ಮುಗಿಯಲು 16 ವರ್ಷ. "ನನ್ನದು ನಾಲ್ಕೂವರೆ ಸುತ್ತು ಆಯ್ತು" ಎಂದರು ಭಾವ. "ಐದು ಪೂರ್ತಿ ಆದ್ರೆ ಸಾಕು. ವಾದಿರಾಜರು ಎರಡು ತಿಂಗಳೇ ಇರ್ಲಿ ಅಂತ ಬಿಟ್ಟಿದ್ರೆ ಐವತ್ತಕ್ಕೂ ಹೆಚ್ಚು ಸುತ್ತು ನೋಡ್ತಿದ್ದೆ." ಎಂಟು ಮಠಕ್ಕೆ ಎರಡು ತಿಂಗಳಂತೆ 16 ತಿಂಗಳು, 72 ವರ್ಷಕ್ಕೆ 54 ಸುತ್ತು. ಲೆಕ್ಕ ಸರಿ ಇತ್ತು. ಮಂಡಿ ಸವೆದರೂ ಅವರ ಮಗ್ಗಿ ಸವೆದಿಲ್ಲ.

ಮುಂದಿನ ಬೆಳಿಗ್ಗೆ ಮಲ್ಪೆಗೆ ಹೊರಟೆವು. ದಾರಿಯಲ್ಲಿ ತಿಂಡಿಗೆ ಒಂದು ಹೋಟೆಲು. ಕಿವಿ ಮಂದವಾಗುವಾಗ ಮೊದಲು ಹೋಗುವುದು ತೀಕ್ಷ್ಣ ಸ್ವರಗಳು, ಮಾತಿನಲ್ಲಿ ಸ, ಶ ಮುಂತಾದವು. ಇದನ್ನು ಕಿವಿ ಡಾಕ್ಟರು ನನಗೆ ಚಿತ್ರ ಬರೆದು ವಿವರಿಸಿದ್ದರು. ಭಾವ ಪ್ರತ್ಯಕ್ಷ ತೋರಿಸಿದರು. ಮಾಣಿ ಬಂದು "ಬನ್ಸಾ?" ಎಂದ. ಭಾವ "ಬಂದೆ" ಎಂದು ಎದ್ದು ಅವನ ಹಿಂದೆ ಅಡುಗೆಮನೆಯ ಬಾಗಿಲವರೆಗೂ ಹೋದರು. ಅಲ್ಲಿಂದ ವಾಪಸು ಬರುವಾಗ ಮುಖ ಗಂಭೀರ. "ಕ್ಲೀನ್ ಉಂಟಾ ಅಂತ ನೋಡಿದ್ದು" ಎಂದರು. ಅತ್ತಿಗೆ ಏನೂ ಹೇಳದೆ ಬನ್ಸು ಮುರಿದು ಚಟ್ನಿಗೆ ಅದ್ದಿದರು. ಬಾಳೆಹಣ್ಣಿನ ಸಿಹಿ ಇರುವ ಬನ್ಸನ್ನು ಶುಗರ್ ಇರುವ ನನಗೆ ಅರ್ಧ ಮಾತ್ರ ಮಂಜೂರಾಯಿತು. ಇನ್ನರ್ಧವನ್ನು ಹೆಂಡತಿ ನನ್ನ ಕಣ್ಣೆದುರೇ ತಿಂದಳು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ಮಳೆಗಾಲದಲ್ಲಿ ಬಂದ್, ಈಗ ಚಳಿಗಾಲದಲ್ಲಿ ಕಡಲು ಶಾಂತ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಎಂಬ ಪ್ರತೀತಿ ಇದೆ. ಇಳಿದಿರಬಹುದು, ಅವನಿಗೆ ಆಗ ನಲವತ್ತೂ ತುಂಬಿರಲಿಲ್ಲ. ನಮ್ಮನ್ನು ಇಳಿಸಲು ದೋಣಿಯ ಇಬ್ಬರು ಹುಡುಗರು ಬೇಕಾದರು. ಒಬ್ಬ ಮೇಲಿನಿಂದ ರಟ್ಟೆ ಹಿಡಿದ, ಇನ್ನೊಬ್ಬ ಕೆಳಗಿನಿಂದ ಪಾದವನ್ನು ಇಡಬೇಕಾದ ಕಡೆಗೆ ಇಟ್ಟುಕೊಟ್ಟ.

ದ್ವೀಪದ ಕಲ್ಲುಗಳನ್ನು ನೋಡಿ ಮಾತ್ರ ಸುಮ್ಮನೆ ನಿಂತುಬಿಟ್ಟೆ. ಐದು, ಆರು, ಏಳು ಮುಖಗಳ ಕಂಬಗಳು, ಒಂದಕ್ಕೊಂದು ಒತ್ತಿಕೊಂಡು ಎದ್ದಿವೆ. ಮೇಲೆ ನಿಂತು ಬಗ್ಗಿ ನೋಡಿದರೆ (ಸೊಂಟ ಹಿಡಿದುಕೊಂಡೇ) ತುದಿಗಳು ಜೇನುಗೂಡಿನ ಹಾಗೆ. ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಇದು. ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು, ಬಿರುಕುಗಳು ಕೆಳಗಿಳಿದು ಕಂಬಗಳಾದವು. ಕಳೆದ ವರ್ಷ ನನ್ನ ಡಾಕ್ಟರು ಗೋಡೆಗೆ ನಿಲ್ಲಿಸಿ ಅಳೆದು, "ಒಂದೂವರೆ ಇಂಚು ಕಡಿಮೆ ಆಗಿದ್ದೀರಿ. ಬೆನ್ನುಮೂಳೆಯ ಡಿಸ್ಕುಗಳು ಒಣಗಿ ಕುಗ್ಗುತ್ತವೆ, ಸಹಜ" ಎಂದಿದ್ದರು. ಕುಗ್ಗಿ ಬಿರುಕು ಬಿಟ್ಟ ಕಲ್ಲಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಪಟ್ಟ ಕೊಟ್ಟಿದ್ದಾರೆ. ನನಗೆ ಕೊಟ್ಟದ್ದು ಕ್ಯಾಲ್ಸಿಯಂ ಮಾತ್ರೆ.

ಈ ಮಾತನ್ನು ಹೆಂಡತಿಗೆ ಹೇಳಿದೆ. "ಅದು ಅಷ್ಟು ಕೋಟಿ ವರ್ಷ ಗೊಣಗದೆ ನಿಂತಿದೆ, ಅದಕ್ಕೇ ಕೊಟ್ಟಿರ್ತಾರೆ" ಎಂದಳು.

ಕಾಪು ದೀಪಸ್ತಂಭಕ್ಕೆ ಹೋಗೋಣ ಎಂದದ್ದು ಭಾವ. ಹೆಂಗಸರು ಜಾಣರು, ಕೆಳಗೆ ಮರಳಿನಲ್ಲೇ ಕೂತರು. 1901ರಲ್ಲಿ ಕಟ್ಟಿದ ಸ್ತಂಭ, ಬಂಡೆಯ ಮೇಲೆ ನಿಂತಿದೆ. ಮೊದಲು ಬಂಡೆಯ ಮೆಟ್ಟಿಲು, ಆಮೇಲೆ ಒಳಗಿನ ಸುತ್ತು ಮೆಟ್ಟಿಲು. ಹತ್ತುವಾಗ ಉಸಿರು ಹೋಗುತ್ತದೆ ನಿಜ, ಆದರೆ ನಿಲ್ಲಲು "ವಾಹ್, ಸಮುದ್ರ ನೋಡಿ ಭಾವ" ಎಂಬ ನೆಪ ಇದೆ. ಒಳಗೆ ಕಿಟಕಿ ಇಲ್ಲದ ಕಡೆಯಲ್ಲೂ ಭಾವ ಅದನ್ನೇ ಹೇಳಿದರು. ಇಳಿಯುವಾಗ ಯಾವ ನೆಪವೂ ನಡೆಯುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತದೆ. ನಾನು 74 ಕೆಜಿ. ಅಂದರೆ ಪ್ರತಿ ಮೆಟ್ಟಿಲಿಗೂ ಎರಡು ಕ್ವಿಂಟಲ್ ದಾಟಿದ ಭತ್ತದ ಲೋಡು. ಪಕ್ಕಕ್ಕೆ ತಿರುಗಿ, ಏಡಿಯ ನಡಿಗೆಯಲ್ಲಿ, ಕಂಬಿ ಹಿಡಿದು ಇಳಿದೆವು. ಹತ್ತುತ್ತಿದ್ದ ಪುಟ್ಟ ಹುಡುಗನೊಬ್ಬ ನಮ್ಮನ್ನು ನೋಡಿ, ಹೀಗೇ ನಡೆಯಬೇಕೇನೋ ಎಂದು ತಾನೂ ಅಡ್ಡಡ್ಡ ಹತ್ತತೊಡಗಿದ.

ವಾಪಸು ಉಡುಪಿಗೆ ಬಸ್ಸು. ಕರಾವಳಿಯ ಈ ಹೆದ್ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ದರ್ಬಾರು. ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ಟೇ ಇಲ್ಲ, ಅರವತ್ತು ದಾಟಿದ ನನಗೆ 25 ಶೇಕಡ ರಿಯಾಯಿತಿ. ಇಲ್ಲಿ ಇಬ್ಬರೂ ಪೂರ್ತಿ. ಕಂಡಕ್ಟರ್ "ಬೇಗ ಬೇಗ" ಎನ್ನುತ್ತಾ ನಮ್ಮನ್ನು ಹೆಚ್ಚುಕಡಿಮೆ ಎತ್ತಿಯೇ ಒಳಗೆ ಹಾಕಿದ. "ರೈಟ್, ಪೋಯಿ!" ಎಂದ. ಹೆಂಗಸರಿಗೆ ಮುಂದೆ ಸೀಟು ಸಿಕ್ಕಿತು. ನಾವಿಬ್ಬರೂ ಕಂಬಿಗೆ ಜೋತು ಬಿದ್ದೆವು.

ಕಾಲೇಜಿನ ಹುಡುಗನೊಬ್ಬ ಫೋನಿನಿಂದ ತಲೆ ಎತ್ತಿ ನಮ್ಮನ್ನು ನೋಡಿದ. ಎದ್ದು ನಿಂತ. ನನ್ನ ಬಿಳಿ ತಲೆ ನೋಡಿ, "ಅಜ್ಜ, ನೀವು ಕೂತ್ಕೊಳ್ಳಿ" ಎಂದ. ಆಮೇಲೆ ಭಾವನ ಕಡೆ ತಿರುಗಿ, "ಅಂಕಲ್, ಸ್ವಲ್ಪ ಸೈಡ್ ಕೊಡಿ, ಅಜ್ಜ ಕೂತ್ಕೊಳ್ಲಿ."

ನಾನು ಕೂತೆ. ಅಂಕಲ್ಲು ಸೈಡ್ ಕೊಟ್ಟರು. ಮೊದಲು ಅವರ ಮುಖದಲ್ಲಿ ಗೆಲುವೇ ಇತ್ತು, ಡೈಗೆ ಹಾಕಿದ ದುಡ್ಡು ದಂಡವಾಗಿಲ್ಲ ಎಂಬಂತೆ. ಕಟಪಾಡಿ ಬರುವಷ್ಟರಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸತೊಡಗಿದರು. "ಬನ್ನಿ, ನೀವು ಕೂತ್ಕೊಳ್ಳಿ" ಎಂದೆ. ಹುಡುಗ ನೋಡುತ್ತಿದ್ದ. "ಬೇಡ ಬೇಡ, ನಿಮಗೆ ವಯಸ್ಸಾಗಿದೆ" ಎಂದರು ಗಟ್ಟಿಯಾಗಿ. ಉದ್ಯಾವರದ ಸೇತುವೆ ಮೇಲೆ ಬಸ್ಸು ಒಮ್ಮೆ ಎತ್ತಿಹಾಕಿತು. ಭಾವ ಬಗ್ಗಿ, ನನಗಷ್ಟೇ ಕೇಳುವಂತೆ ಹೇಳಿದರು:

"ಅವನಿಗೆ ನನ್ನ ಆಧಾರ್ ಕಾರ್ಡ್ ತೋರಿಸ್ಲಾ ಭಾವ?"