ಇಶ್ಪಿಂಗೊ ಮರ ನೋಡಲು ತೇನಾಗೆ

ಅಕ್ಟೋಬರ್ ಕೊನೆಯಲ್ಲಿ ಈಕ್ವೆಡಾರ್‌ನ ಕ್ವಿಟೊ ನಗರದ ಸಂತೆಗೆ ಹೋದರೆ ಚಕ್ಕೆಯ ವಾಸನೆ ಮೂಗಿಗೆ ಬಡಿಯುತ್ತದೆ. ಹುಡುಕಿದರೆ ಚಕ್ಕೆ ಕಡಿಮೆ, ಕೋಟಿನ ಗುಂಡಿಯಷ್ಟು ಅಗಲದ ಕಂದು ಬಟ್ಟಲುಗಳು ಜಾಸ್ತಿ. ಅದೇ ಇಶ್ಪಿಂಗೊ. ಹೂವಿನ ಬುಡದ ಪುಷ್ಪಪಾತ್ರೆ ಕಾಯಿಯ ಜೊತೆ ಬೆಳೆದು ಗಟ್ಟಿಯಾಗಿ ಹೀಗಾಗುತ್ತದೆ. ನವೆಂಬರ್ 2, ತೀರಿಕೊಂಡವರನ್ನು ನೆನೆಯುವ ದಿನ. ಆಗ ಮನೆಮನೆಯಲ್ಲೂ ಕೊಲಾಡಾ ಮೊರಾಡಾ ಕಾಯಿಸುತ್ತಾರೆ. ನೇರಳೆ ಜೋಳದ ಹಿಟ್ಟು, ಹಣ್ಣುಗಳು, ಮಸಾಲೆ ಹಾಕಿದ ಗಟ್ಟಿ ಪಾನೀಯ ಅದು. ಇಶ್ಪಿಂಗೊ ಇಲ್ಲದಿದ್ದರೆ ಅದಕ್ಕೆ ಆ ಘಮ ಬರುವುದಿಲ್ಲ.

ಮರ ಮಾತ್ರ ಕ್ವಿಟೊದಲ್ಲಿ ಬೆಳೆಯುವುದಿಲ್ಲ. ಅದನ್ನು ನೋಡಲು ಬಸ್ಸು ಹತ್ತಿದೆವು. ದಾರಿಯಲ್ಲಿ ಸಿಗುವ ಪಾಪಲಾಕ್ತಾ ಕಣಿವೆದಾರಿ ಸುಮಾರು 4,000 ಮೀಟರ್ ಎತ್ತರ. ಅಲ್ಲಿ ಸ್ವೆಟರ್ ಹಾಕಿಕೊಂಡು ನಡುಗಿದೆವು. ಬಸ್ಸು ಪೂರ್ವಕ್ಕೆ ಇಳಿದು ಬಾಯೆಸಾ ಊರು ದಾಟಿ ಅಮೆಜಾನ್ ಕಾಡಿನ ಅಂಚಿನ ತೇನಾ ಪಟ್ಟಣ ಮುಟ್ಟುವಷ್ಟರಲ್ಲಿ ಬೆವರು. ಅದು ಕಿಚ್ವಾ ಎಂಬ ಮೂಲನಿವಾಸಿ ಜನರ ನಾಡು. ಚಕ್ರಾ ಎಂಬ ಅವರ ತೋಟದಲ್ಲಿ ಕೋಕೊ, ಮರಗೆಣಸು, ಎಲೆಯನ್ನು ಚಹಾದಂತೆ ಕುದಿಸಿ ಕುಡಿಯುವ ಗುವಾಯುಸಾ ಎಲ್ಲವೂ ಒಟ್ಟಿಗೇ. ನಡುವೆ ನಮ್ಮ ಚಕ್ಕೆಯ ಕುಟುಂಬದ್ದೇ ಆದ ಈ ಎತ್ತರದ ಮರ. ಎಲೆ ಹಿಸುಕಿದರೂ ಅದೇ ಪರಿಮಳ.

ಈ ಪರಿಮಳಕ್ಕೆ ಕೊಟ್ಟ ಬೆಲೆ ಭಯಂಕರ. 1541ರಲ್ಲಿ ಸ್ಪೇನಿನ ದಂಡನಾಯಕ ಗೊನ್ಸಾಲೊ ಪಿಸಾರೊ 'ದಾಲ್ಚಿನ್ನಿಯ ನಾಡು' ಹುಡುಕುತ್ತಾ ಕ್ವಿಟೊದಿಂದ ಹೊರಟ. ಹೊರೆ ಹೊರಲು ಸಾವಿರಾರು ಸ್ಥಳೀಯರು. ಮರಗಳು ಸಿಕ್ಕವು, ಆದರೆ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು. ಸಿಟ್ಟಿಗೆದ್ದು ಸ್ಥಳೀಯರನ್ನು ಹಿಂಸಿಸಿದ, ನಾಯಿಗಳನ್ನು ಛೂ ಬಿಟ್ಟ. ಊಟ ತರಲು ಹೋದ ಅವನ ಸಹಾಯಕ ಒರೆಲ್ಲಾನ ವಾಪಸ್ ಬರಲೇ ಇಲ್ಲ. ಹೊಳೆ ಹಿಡಿದು 1542ರ ಆಗಸ್ಟ್‌ನಲ್ಲಿ ಅಮೆಜಾನ್ ನದಿ ಕಡಲು ಸೇರುವ ಜಾಗ ಮುಟ್ಟಿದ. ಹೊರೆ ಹೊತ್ತವರಲ್ಲಿ ಬಹುತೇಕರು ಸತ್ತರು. ಶಾಲೆಯಲ್ಲಿ ನಾವು ಓದಿದ್ದು ಬರೀ ಒರೆಲ್ಲಾನನ ಸಾಹಸ, ಅಲ್ವಾ?

ಈಗ ಬಟ್ಟಲುಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಅದರ ಮುಖ್ಯ ಅಂಶಗಳು ಸಿನ್ನಮಾಲ್ಡಿಹೈಡ್ ಮತ್ತು ಮೀಥೈಲ್ ಸಿನ್ನಮೇಟ್. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಯೋಗಾಲಯದಲ್ಲಿ, ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದರು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಕಂಡಿತು. ಅಷ್ಟಕ್ಕೇ ಹೃದಯದ ಮಾತ್ರೆ ಬಿಟ್ಟು ಇದನ್ನು ಕುಡಿಯುವುದು ಸುಮ್ನೆ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಂತೂ ದೂರ ಇರಲಿ. ಹಾಗೇ ಹಚ್ಚಿದರೆ ಚರ್ಮವೂ ಉರಿಯಬಹುದು.

ನಾನು ಎಣ್ಣೆ ಬಿಟ್ಟು ಒಣ ಬಟ್ಟಲುಗಳನ್ನೇ ಕೊಂಡೆ. ಎಣ್ಣೆಯೇ ಬೇಕೆನ್ನುವವರು ಲೇಬಲ್ ಮೇಲೆ ಓಕೋಟಿಯಾ ಕ್ವಿಕ್ಸೋಸ್ (Ocotea quixos) ಎಂಬ ಈ ಮರದ ವೈಜ್ಞಾನಿಕ ಹೆಸರಿದೆಯಾ ನೋಡಿಕೊಳ್ಳಿ.