ಮಲೇರಿಯಾ ಬಂದಾಗ ಚೆನ್ನಾಗಿ ತಿನ್ನಬೇಕೋ, ಉಪವಾಸ ಇರಬೇಕೋ?

ಪರಾವಲಂಬಿ ಜೀವಿಗಳ ಬಗ್ಗೆ ಪಾಠ ಮಾಡುವವನು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಎರಡು ಪಕ್ಷ. ಮೈಯಲ್ಲಿ ಕಸುವಿದ್ದರೆ ಯಾವ ರೋಗವಾದರೂ ಮಣಿಯುತ್ತದೆ ಅನ್ನುವವರು ಕೆಲವರು, ಲಂಘನವೇ ಪರಮೌಷಧ ಅನ್ನುವವರು ಮಿಕ್ಕವರು. ಇಬ್ಬರಿಗೂ ನಾನು ತಿರುಗಿ ಕೇಳುವುದು ಒಂದೇ: ಒಳಗೆ ಕೂತಿರುವ ಪರಾವಲಂಬಿ ಯಾವುದು, ಅದು ನಿಮ್ಮಿಂದ ಕಿತ್ತುಕೊಳ್ಳುತ್ತಿರುವುದು ಏನನ್ನು? ಉಂಡದ್ದರಲ್ಲಿ ಅದಕ್ಕೂ ಪಾಲು ಹೋಗುತ್ತದೆ.

1952ರಲ್ಲಿ ಲಿವರ್‌ಪೂಲ್‌ನ ಮೇಗ್ರೈತ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಬರೀ ಹಾಲಿನ ಮೇಲೆ ಇಟ್ಟ ಇಲಿಗಳಲ್ಲಿ ಪ್ಲಾಸ್ಮೋಡಿಯಂ ಬರ್ಘೈ ಎಂಬ ಮಲೇರಿಯಾ ಪರಾವಲಂಬಿ ತಲೆ ಎತ್ತಲೇ ಇಲ್ಲ. ಹಾಲಿನಲ್ಲಿ ಅದೇನು ಅಮೃತವಿದೆ ಅಂತ ಹುಡುಕಿದರೆ ಏನೂ ಸಿಗುವಂತಿರಲಿಲ್ಲ, ಯಾಕೆಂದರೆ ಕೆಲಸ ಮಾಡಿದ್ದು ಹಾಲಿನಲ್ಲೇ ಇದ್ದ ಒಂದು ಕೊರತೆ. ಮಲೇರಿಯಾ ಪರಾವಲಂಬಿ ತನಗೆ ಬೇಕಾದ ಫೋಲೇಟ್ ಎಂಬ ಜೀವಸತ್ವವನ್ನು ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ. ಹಾಲಿನಲ್ಲಿ ಈ ಆಮ್ಲ ತೀರಾ ಕಡಿಮೆ. ಅದನ್ನು ಬೆರೆಸಿ ಕೊಟ್ಟಾಗ ಸೋಂಕು ಮತ್ತೆ ಬಲಿಯಿತು ಅಂತ ಫ್ರಾಂಕ್ ಹಾಕಿಂಗ್ ಎಂಬ ಸಂಶೋಧಕರು ಮರುವರ್ಷ ತೋರಿಸಿಕೊಟ್ಟರು. ಸಲ್ಫಾ ಗುಂಪಿನ ಮಲೇರಿಯಾ ಔಷಧಗಳು ಪೆಟ್ಟು ಕೊಡುವುದೂ ಇದೇ ಜಾಗಕ್ಕೆ. (ಇದನ್ನು ಓದಿ ಯಾರೂ ಹಾಲಿನ ಪಥ್ಯ ಶುರು ಮಾಡಬೇಡಿ. ಇಲಿಯ ಸಂಗತಿ ಇದು.)

ಸಕ್ಕರೆಯ ಕಥೆ ಇನ್ನೂ ಜಟಿಲ. ಮಲೇರಿಯಾ ಹೊಕ್ಕ ಕೆಂಪು ರಕ್ತಕಣ ಆರೋಗ್ಯವಂತ ಕಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗ್ಲೂಕೋಸ್ ನುಂಗುತ್ತದೆ. ಹಾಗಾದರೆ ಸಕ್ಕರೆ ನಿಲ್ಲಿಸಿದರೆ ಪರಾವಲಂಬಿ ಸಾಯುತ್ತದಲ್ಲ ಅನಿಸುವುದು ಸಹಜ. 2018ರಲ್ಲಿ ಇಲಿಗಳ ಮೇಲಿನ ಎರಡು ಅಧ್ಯಯನಗಳು ಹೊರಬಂದವು. ಎರಡರಲ್ಲೂ ಜೀವಕೋಶಗಳು ಗ್ಲೂಕೋಸ್ ಬಳಸದಂತೆ ತಡೆಯುವ ಡಿಆಕ್ಸಿಗ್ಲೂಕೋಸ್ ಎಂಬ ಒಂದೇ ವಸ್ತುವನ್ನು ಬಳಸಿದ್ದರು. ಸ್ಟ್ಯಾನ್‌ಫರ್ಡ್‌ನವರು ಪ್ಲಾಸ್ಮೋಡಿಯಂ ಚಬಾಡಿ ಎಂಬ ಇನ್ನೊಂದು ಮಲೇರಿಯಾ ಪರಾವಲಂಬಿಯ ಸೋಂಕಿದ್ದ ಇಲಿಗಳಿಗೆ ಕೊಟ್ಟಾಗ ಸಾವು ಹೆಚ್ಚಿತು. ಬದಲಿಗೆ ಗ್ಲೂಕೋಸ್ ಕುಡಿಸಿದಾಗ ಹೆಚ್ಚು ಇಲಿಗಳು ಬದುಕಿದವು. ಯೇಲ್‌ನವರು ಮಿದುಳಿಗೆ ಏರುವ ಮಲೇರಿಯಾ ಇದ್ದ ಇಲಿಗಳಿಗೆ ಅದನ್ನೇ ಕೊಟ್ಟಾಗ ಇಲಿಗಳು ಉಳಿದುಕೊಂಡವು. ಒಂದು ಕಡೆ ವಿಷವಾದದ್ದು ಇನ್ನೊಂದು ಕಡೆ ಮದ್ದು!

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ. ಈ ಎರಡರಲ್ಲೂ ರಕ್ತದಲ್ಲಿದ್ದ ಪರಾವಲಂಬಿಗಳ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಬದಲಾಗಿದ್ದು ಆ ಹೊರೆಯನ್ನು ಇಲಿಯ ದೇಹ ತಾಳಿಕೊಂಡ ಬಗೆ. ಶತ್ರುವನ್ನು ಕೊಲ್ಲುವ ಶಕ್ತಿ ಬೇರೆ, ಹೊಡೆತ ತಿಂದೂ ನಿಲ್ಲುವ ತಾಳಿಕೆ ಬೇರೆ. ಈ ಎರಡನೆಯದು ಬಹುಪಾಲು ಚಯಾಪಚಯದ, ಅಂದರೆ ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ಬಗೆಯ ಕೈಯಲ್ಲಿದೆ. ಶಕ್ತಿ ಸಾಲದೆ ಕುಸಿಯುವ ದೇಹಕ್ಕೆ ಸಕ್ಕರೆ ಆಸರೆ. ಮಿದುಳಿನ ರಕ್ತನಾಳಗಳು ಕೆಟ್ಟು ಸಾವು ಬರುವ ಕಡೆ ಅದೇ ಸಕ್ಕರೆಯ ಬಳಕೆ ತಗ್ಗಿದರೆ ಲಾಭ.

ಆದರೆ ಮನುಷ್ಯರ ತೀವ್ರ ಮಲೇರಿಯಾದಲ್ಲಿ ವೈದ್ಯರು ಹೆದರುವುದು ಸಕ್ಕರೆ ಇಳಿದುಬಿಡುವುದಕ್ಕೆ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ 40 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಅದೇ ತೀವ್ರತೆಯ ಒಂದು ಗುರುತು. ಮಕ್ಕಳು, ಗರ್ಭಿಣಿಯರಲ್ಲಿ ಈ ಅಪಾಯ ಹೆಚ್ಚು. ಮಲೇರಿಯಾದ ಹಳೆಯ ಔಷಧ ಕ್ವಿನೈನ್ ಕೊಟ್ಟರಂತೂ ಅದು ಇನ್ಸುಲಿನ್ ಹೊರಡಿಸಿ ಸಕ್ಕರೆಯನ್ನು ಇನ್ನಷ್ಟು ಇಳಿಸುತ್ತದೆ.

ಇನ್ನು ಕಬ್ಬಿಣಾಂಶ. ರಕ್ತ ಕಡಿಮೆಯಾದವರಿಗೆ ಕಬ್ಬಿಣದ ಮಾತ್ರೆ ಕೊಡುವುದರಲ್ಲಿ ತಪ್ಪೇನಿದೆ? ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ, ಮಲೇರಿಯಾ ಹೆಚ್ಚಿದ್ದ ಆ ಕಡೆ, ಪುಟ್ಟ ಮಕ್ಕಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಕಬ್ಬಿಣ ಪಡೆದ ಮಕ್ಕಳಲ್ಲಿ ಸಾವು ಅಥವಾ ಆಸ್ಪತ್ರೆ ಸೇರುವ ಸಂಭವ 12% ಹೆಚ್ಚಾಗಿತ್ತು. ಕಬ್ಬಿಣ ಕೊಡುವ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದೇ ಅಧ್ಯಯನದ ಒಂದು ಚಿಕ್ಕ ಗುಂಪಿನಲ್ಲಿ, ಮಲೇರಿಯಾ ಪತ್ತೆ ಮತ್ತು ಚಿಕಿತ್ಸೆ ಸರಿಯಾಗಿ ಸಿಗುತ್ತಿದ್ದ ಕಡೆ, ನಿಜವಾಗಿ ಕಬ್ಬಿಣದ ಕೊರತೆಯಿದ್ದ ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು. ಹಾಗಾಗಿ ಮಲೇರಿಯಾ ಹೆಚ್ಚಿರುವ ಕಡೆ ಅದರ ತಡೆ, ಚಿಕಿತ್ಸೆ ಜೊತೆಗಿದ್ದರಷ್ಟೇ ಮಕ್ಕಳಿಗೆ ಕಬ್ಬಿಣ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವಿನ ಲೆಕ್ಕ ಪೂರ್ತಿ ಉಲ್ಟಾ. ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆಯುತ್ತದೆ. ನೂರು ಹುಳುವಿದ್ದರೆ 3 ಮಿಲಿಲೀಟರ್, ಅಂದರೆ ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣ. ಒಬ್ಬ ಗಂಡಸಿನ ಕರುಳು ದಿನಕ್ಕೆ ಹೀರಿಕೊಳ್ಳುವುದು ಸುಮಾರು ಒಂದು ಮಿಲಿಗ್ರಾಂ. ಕರುಳಿಗೆ ಸುರಿದ ರಕ್ತದಿಂದ ಸ್ವಲ್ಪ ಕಬ್ಬಿಣ ವಾಪಸ್ ಬರುತ್ತದೆ ನಿಜ, ಆದರೂ ಊಟದಲ್ಲಿ ಕಬ್ಬಿಣ ಇಲ್ಲದವನು ಬಿಳಿಚಿಕೊಳ್ಳುತ್ತಾನೆ, ಇರುವವನು ಅಷ್ಟೇ ಹುಳು ಹೊತ್ತು ಓಡಾಡಿಕೊಂಡಿರುತ್ತಾನೆ. ಕರುಳಿನ ಹುಳುಗಳ ವಿಷಯದಲ್ಲಿ ನಾನು ಮೊದಲನೇ ಪಕ್ಷದವನೇ. ಈಯುವ ಹೊತ್ತಿನಲ್ಲಿ ಕುರಿಗಳ ಸಗಣಿಯಲ್ಲಿ ಹುಳುಮೊಟ್ಟೆ ಏರುತ್ತದೆ, ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸಿದರೆ ಇಳಿಯುತ್ತದೆ.

ಉಪವಾಸದ ಪಕ್ಷದವರು ಈಚೆಗೆ ಲಿಸ್ಬನ್‌ನ 2017ರ ಪ್ರಯೋಗವನ್ನು ಮುಂದೆ ಹಿಡಿಯುತ್ತಾರೆ. ಆಹಾರ ತಗ್ಗಿಸಿದ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿ ಆ ಕೊರತೆಯನ್ನು ಗ್ರಹಿಸಿ ತನ್ನ ಸಂತಾನವನ್ನೇ ಕಡಿಮೆ ಮಾಡಿಕೊಂಡಿತು. ಸೊಗಸಾದ ಪ್ರಯೋಗ, ಒಪ್ಪುತ್ತೇನೆ. ಆದರೆ ಆ ಇಲಿಗಳಿಗೆ ಸೋಂಕು ತಗಲಿಸುವ ಮುಂಚಿನಿಂದಲೇ ಆಹಾರ ಕಡಿತ ಮಾಡಿದ್ದರು. ಜ್ವರ ಏರಿದ ಮೇಲೆ ಊಟ ಬಿಡುವವರಿಗೆ ಆ ಅನುಕೂಲವಿಲ್ಲ. ಮೇಲಾಗಿ ಮಲೇರಿಯಾಕ್ಕೆ ಈಗ ಹೆಚ್ಚಾಗಿ ಬರೆದುಕೊಡುವ ಮಾತ್ರೆಗಳಲ್ಲೊಂದು ಆರ್ಟಿಮೆಥರ್ ಮತ್ತು ಲ್ಯೂಮೆಫ್ಯಾಂಟ್ರಿನ್ ಜೋಡಿ. ಇದರಲ್ಲಿ ಲ್ಯೂಮೆಫ್ಯಾಂಟ್ರಿನ್ ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದೇ ಕಷ್ಟ. ಕೊಬ್ಬಿನಂಶವಿರುವ ಊಟದ ಜೊತೆ ನುಂಗಿದರೆ ಸುಮಾರು 16 ಪಟ್ಟು ಹೆಚ್ಚು ಸೇರುತ್ತದೆ.